ಬಳ್ಳಾರಿ–ಬೆಂಗಳೂರು ವಿಮಾನ: 248 ಕಿಲೋಮೀಟರಿಗೆ ಎಷ್ಟು ಹೊತ್ತು?

ಮೊಬೈಲಿನಲ್ಲಿ ಬಳ್ಳಾರಿಯಿಂದ ಬೆಂಗಳೂರಿಗೆ ವಿಮಾನದ ದೂರ ಹುಡುಕಿದರೆ 250 ಕಿಲೋಮೀಟರ್, ಸುಮಾರು 48 ನಿಮಿಷ ಎಂಬ ಉತ್ತರ ಬರುತ್ತದೆ. ಟಿಕೆಟ್ ತೆಗೆಯಲು ಕೂತರೆ ಅಲ್ಲಿ ಅವಧಿ ಒಂದು ತಾಸು ದಾಟಿರುತ್ತದೆ. ಬಳ್ಳಾರಿ ಗಾಂಧಿನಗರದ ಮನೆಗೆ ಬೀಗ ಹಾಕಿ ಹೊರಟು ಮೆಜೆಸ್ಟಿಕ್ ಮುಟ್ಟಿದವರನ್ನು ಕೇಳಿ ನೋಡಿ, ಐದು ತಾಸು ಹಿಡಿಯಿತು ಅನ್ನುತ್ತಾರೆ. ದೂರ ಅದೇ, ವಿಮಾನವೂ ಅದೇ. ಹೊತ್ತಿನ ಲೆಕ್ಕ ಮಾತ್ರ ಮೂರು ಥರ. ಒಂದೊಂದು ಎಲ್ಲಿಂದ ಬಂತು ಎಂದು ಬಿಡಿಸಿ ನೋಡಿದರೆ, ಯಾವ ಊರಿಗೆ ವಿಮಾನ ಲಾಭ, ಯಾವ ಊರಿಗೆ ರಾತ್ರಿ ರೈಲೇ ವಾಸಿ ಎಂಬುದನ್ನು ಟಿಕೆಟ್ ತೆಗೆಯುವ ಮೊದಲೇ ಲೆಕ್ಕ ಹಾಕಬಹುದು.

ಮೊದಲು ಕೋಡ್ ನೋಡಿ

ವಿಮಾನದ ದೂರವನ್ನು ಊರಿನಿಂದ ಊರಿಗೆ ಅಳೆಯುವುದಿಲ್ಲ, ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆಯುತ್ತಾರೆ. ಬಳ್ಳಾರಿ ವಿಷಯದಲ್ಲಿ ಇಲ್ಲೇ ಒಂದು ಗೊಂದಲವಿದೆ. ಬಳ್ಳಾರಿ ಊರಿನ ಹಳೆಯ ವಿಮಾನ ನಿಲ್ದಾಣಕ್ಕೆ ಬಿಇಪಿ (BEP) ಎಂಬ ಮೂರಕ್ಷರದ ಕೋಡ್ ಇದೆ. ಪ್ರಯಾಣಿಕರ ವಿಮಾನ ಬರುವುದು ಅಲ್ಲಿಗಲ್ಲ, ತೋರಣಗಲ್ಲಿನ ವಿದ್ಯಾನಗರಕ್ಕೆ. ಜನ ಜಿಂದಾಲ್ ಏರ್‌ಪೋರ್ಟ್ ಅನ್ನುವುದು ಇದನ್ನೇ. ಇದರ ಕೋಡ್ ವಿಡಿವೈ (VDY). ದೂರ ಹೇಳುವ ಕೆಲವು ಜಾಲತಾಣಗಳು ಬಳ್ಳಾರಿ ಅಂದ ತಕ್ಷಣ ಬಿಇಪಿ ಹಿಡಿದು ಲೆಕ್ಕ ಕೊಡುತ್ತವೆ. ಟಿಕೆಟ್ ಹುಡುಕುವಾಗಲೂ ಬಿಇಪಿ ಆರಿಸಿಕೊಂಡರೆ ವಿಮಾನವೇ ಇಲ್ಲ ಎಂಬ ಉತ್ತರ ಬರುತ್ತದೆ. ವಿಮಾನವಿದೆ, ನೀವು ಕೇಳಿದ ನಿಲ್ದಾಣಕ್ಕೆ ಇಲ್ಲ, ಅಷ್ಟೇ.

ಬೆಂಗಳೂರಿನ ಕಡೆಯೂ ಇದೇ ಕತೆ. ವಿಮಾನ ಇಳಿಯುವುದು ದೇವನಹಳ್ಳಿಯಲ್ಲಿ. ಮೆಜೆಸ್ಟಿಕ್‌ಗೆ ಅಲ್ಲಿಂದ ಇನ್ನೂ 35 ಕಿಲೋಮೀಟರ್ ರಸ್ತೆ.

ದೂರದ ಲೆಕ್ಕ, ಕೈಯಲ್ಲೇ

ಒಂದು ಕ್ಯಾಲ್ಕುಲೇಟರ್ ಇದ್ದರೆ ಈ ದೂರವನ್ನು ಐದು ನಿಮಿಷದಲ್ಲಿ ತೆಗೆಯಬಹುದು. ಬೇಕಾದ್ದು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ. ವಿದ್ಯಾನಗರ ಇರುವುದು ಉತ್ತರ ಅಕ್ಷಾಂಶ 15.175, ಪೂರ್ವ ರೇಖಾಂಶ 76.634 ಡಿಗ್ರಿಯಲ್ಲಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಅಕ್ಷಾಂಶ 13.199, ರೇಖಾಂಶ 77.707 ಡಿಗ್ರಿಯಲ್ಲಿ.

ವಿಮಾನದವರು ದೂರ ಅಳೆಯುವುದು ನಾಟಿಕಲ್ ಮೈಲಿನಲ್ಲಿ. ಅದಕ್ಕೆ ಕಾರಣವಿದೆ. ಒಂದು ಡಿಗ್ರಿಯನ್ನು 60 ನಿಮಿಷಗಳಾಗಿ ಭಾಗ ಮಾಡುತ್ತಾರೆ (ಗಡಿಯಾರದ ನಿಮಿಷವಲ್ಲ, ಕೋನದ್ದು). ಉತ್ತರ–ದಕ್ಷಿಣವಾಗಿ ಒಂದು ನಿಮಿಷದಷ್ಟು ಸರಿದರೆ ಅದು ಭೂಮಿಯ ಮೇಲೆ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿಲೋಮೀಟರ್. ಹಾಗಾಗಿ ಅಕ್ಷಾಂಶಗಳ ವ್ಯತ್ಯಾಸವನ್ನು 60ರಿಂದ ಗುಣಿಸಿದರೆ ಸಾಕು. ನಮ್ಮ ಲೆಕ್ಕದಲ್ಲಿ ವ್ಯತ್ಯಾಸ 1.976 ಡಿಗ್ರಿ, ಗುಣಿಸಿದರೆ 118.6 ನಾಟಿಕಲ್ ಮೈಲು.

ರೇಖಾಂಶದ ಲೆಕ್ಕ ಸ್ವಲ್ಪ ಬೇರೆ. ರೇಖಾಂಶದ ಗೆರೆಗಳು ಧ್ರುವಗಳತ್ತ ಹೋದಂತೆ ಹತ್ತಿರ ಹತ್ತಿರ ಬರುತ್ತವೆ, ಸುಲಿದ ಮೂಸಂಬಿಯ ತೊಳೆಗಳು ತುದಿಯಲ್ಲಿ ಕೂಡಿಕೊಂಡ ಹಾಗೆ. ಅದಕ್ಕೇ ರೇಖಾಂಶದ ವ್ಯತ್ಯಾಸವನ್ನು ಎರಡೂ ಊರುಗಳ ನಡುವಿನ ಸರಾಸರಿ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿ ಇಳಿಸಬೇಕು. ಇಲ್ಲಿ ವ್ಯತ್ಯಾಸ 1.073 ಡಿಗ್ರಿ, ಸರಾಸರಿ ಅಕ್ಷಾಂಶ 14.19 ಡಿಗ್ರಿ, ಅದರ ಕೊಸೈನ್ 0.9695. ಮೂರನೆಯದಾಗಿ 60ನ್ನೂ ಸೇರಿಸಿ ಗುಣಿಸಿದರೆ 62.4 ನಾಟಿಕಲ್ ಮೈಲು. ಇನ್ನು ಉಳಿದದ್ದು ಶಾಲೆಯಲ್ಲಿ ಕಲಿತ ಪೈಥಾಗರಸ್: 118.6ರ ವರ್ಗ, 62.4ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 134. ಅದನ್ನು 1.852ರಿಂದ ಗುಣಿಸಿದರೆ 248 ಕಿಲೋಮೀಟರ್.

ಇದೇ ದೂರ ಮೂರು ಅಂಕಿಗಳಲ್ಲಿ ಓಡಾಡುತ್ತದೆ: 248 ಕಿಲೋಮೀಟರ್, 154 ಮೈಲು, 134 ನಾಟಿಕಲ್ ಮೈಲು. ಬರೀ 'ಮೈಲು' ಎಂದು ಬರೆದ ಕಡೆ ಯಾವ ಮೈಲು ಎಂದು ಕೇಳಿಕೊಳ್ಳಿ. ನೂರಕ್ಕೆ ಹದಿನೈದರಷ್ಟು ವ್ಯತ್ಯಾಸ ಅಲ್ಲೇ ಬಂದುಬಿಡುತ್ತದೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ಎರಡು ಕಡೆ. ಅಕ್ಷಾಂಶವನ್ನು ಡಿಗ್ರಿ–ನಿಮಿಷದಲ್ಲಿ ಕೊಟ್ಟಿದ್ದನ್ನು ದಶಮಾಂಶ ಎಂದುಕೊಳ್ಳುವುದು ಒಂದು. 15 ಡಿಗ್ರಿ 10.5 ನಿಮಿಷ ಅಂದರೆ 15.175, ಅದನ್ನು 15.105 ಎಂದು ಹಾಕಿದರೆ ನಿಲ್ದಾಣ ಏಳೆಂಟು ಕಿಲೋಮೀಟರ್ ದಕ್ಷಿಣಕ್ಕೆ ಜಾರುತ್ತದೆ. ಎರಡನೆಯದು ಎಕ್ಸೆಲ್‌ನಲ್ಲಿ ಮಾಡುವವರ ತಪ್ಪು. ಅಲ್ಲಿ ಸೈನ್, ಕೊಸೈನ್ ಎಲ್ಲ ರೇಡಿಯನ್ ಕೇಳುತ್ತವೆ. ಡಿಗ್ರಿಯನ್ನೇ ಕೊಟ್ಟರೆ ಎಕ್ಸೆಲ್ ತಕರಾರು ಮಾಡದೆ ಒಂದು ಅಂಕಿ ಕೊಡುತ್ತದೆ, ಅದು ಅರ್ಥವಿಲ್ಲದ ಅಂಕಿ. ಮೊದಲು 180ರಿಂದ ಭಾಗಿಸಿ ಪೈನಿಂದ ಗುಣಿಸಿಕೊಳ್ಳಬೇಕು.

ಇದೇ ರೀತಿ ವಿದ್ಯಾನಗರದಿಂದ ಹೈದರಾಬಾದಿನ ಶಂಶಾಬಾದ್‌ಗೆ 298 ಕಿಲೋಮೀಟರ್, ಬೆಂಗಳೂರಿನಿಂದ ದೆಹಲಿಗೆ 1,710, ಹೈದರಾಬಾದಿನಿಂದ ದೆಹಲಿಗೆ 1,268 ಬರುತ್ತದೆ. ದೇಶದೊಳಗಿನ ಹಾದಿಗಳಿಗೆ ಈ ಪೈಥಾಗರಸ್ ಧಾರಾಳವಾಗಿ ಸಾಕು. ದೂರ ಬೆಳೆದಂತೆ ಮೋಸ ಶುರುವಾಗುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇದೇ ಸೂತ್ರ ಹಾಕಿದರೆ ಹೆಚ್ಚುಕಡಿಮೆ 16,300 ಕಿಲೋಮೀಟರ್ ತೋರಿಸುತ್ತದೆ. ನಿಜವಾದ ನೇರ ದೂರ 14,000ದ ಹತ್ತಿರ. ಉಳಿದ 2,300 ಕಿಲೋಮೀಟರ್ ಇರುವುದು ಚಪ್ಪಟೆ ಕಾಗದದ ಮೇಲೆ ಮಾತ್ರ.

ದೊಡ್ಡ ದೂರಕ್ಕೆ ಗೋಳದ ಸೂತ್ರವೇ ಆಗಬೇಕು. ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ ಒಂದು ಕಡೆ ಬರೆದುಕೊಳ್ಳಿ. ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನು ರೇಖಾಂಶ ವ್ಯತ್ಯಾಸದ ಕೊಸೈನ್ ಜೊತೆ ಗುಣಿಸಿ ಅದಕ್ಕೆ ಕೂಡಿಸಿ. ಬಂದ ಸಂಖ್ಯೆಯ ವಿಲೋಮ ಕೊಸೈನ್ ತೆಗೆದು, ರೇಡಿಯನ್‌ನಲ್ಲಿರುವ ಆ ಉತ್ತರವನ್ನು ಭೂಮಿಯ ತ್ರಿಜ್ಯ 6,371ರಿಂದ ಗುಣಿಸಿ. ಅಷ್ಟೆಲ್ಲ ಬೇಡ ಅಂದರೆ ಮಕ್ಕಳ ಗ್ಲೋಬಿನ ಮೇಲೆ ಎರಡೂ ಊರುಗಳಿಗೆ ಬೆರಳಿಟ್ಟು ಒಂದು ದಾರ ಬಿಗಿಯಾಗಿ ಎಳೆಯಿರಿ. ಗೋಡೆ ನಕ್ಷೆಯಲ್ಲಿ ಪೆಸಿಫಿಕ್ ಮೇಲೆ ಅಡ್ಡಲಾಗಿ ಹೋಗುತ್ತಿದ್ದ ಹಾದಿ ಚೀನಾ, ಸೈಬೀರಿಯಾ ದಾಟಿ ಅಲಾಸ್ಕದ ಕಡೆಯಿಂದ ಇಳಿಯುವುದು ಕಾಣುತ್ತದೆ.

ಹಾಗಂತ ವಿಮಾನ ಯಾವಾಗಲೂ ಆ ದಾರದ ಮೇಲೇ ಹೋಗುತ್ತದೆ ಎಂದಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ತಂದ ವಿಮಾನ ಉತ್ತರ ಧ್ರುವದ ಮೇಲಿಂದಲೇ ಹಾರಿ ಬಂತು. ಹಾದಿ ಆರಿಸುವಾಗ ಆ ದಿನದ ಗಾಳಿ, ಇಂಧನದ ಖರ್ಚು, ಯಾವ ಆಕಾಶ ತೆರೆದಿದೆ ಎಂಬುದೆಲ್ಲ ಸೇರುತ್ತದೆ.

48 ನಿಮಿಷ ಎಲ್ಲಿಂದ ಬಂತು

ಜಾಲತಾಣಗಳ ಸೂತ್ರ ಸರಳ. ವಿಮಾನ ಗಂಟೆಗೆ 500 ಮೈಲು, ಅಂದರೆ 805 ಕಿಲೋಮೀಟರ್ ಹೋಗುತ್ತದೆ ಎಂದು ಇಟ್ಟುಕೊಂಡು ದೂರವನ್ನು ಭಾಗಿಸುತ್ತವೆ, ಏರಿಳಿಯಲು ಅಂತ ಅರ್ಧ ತಾಸು ಸೇರಿಸುತ್ತವೆ. 248 ಕಿಲೋಮೀಟರಿಗೆ 18 ನಿಮಿಷ ಚಿಲ್ಲರೆ, ಮೇಲೆ 30. ಬೆಂಗಳೂರು–ದೆಹಲಿಗೆ ಇದೇ ಸೂತ್ರ 2 ಗಂಟೆ 37 ನಿಮಿಷ ಕೊಡುತ್ತದೆ. ಅಲ್ಲಿ ವೇಳಾಪಟ್ಟಿಯಲ್ಲಿ ಎರಡೂ ಮುಕ್ಕಾಲು ಗಂಟೆಯ ಮೇಲೆ ಇರುವುದರಿಂದ ತೀರಾ ಕೆಟ್ಟ ಅಂದಾಜೇನಲ್ಲ. ನಮ್ಮ ಹಾದಿಗೆ ಮಾತ್ರ ಇದು ಹೊಂದುವುದೇ ಇಲ್ಲ.

ಒಂದನೇ ಕಾರಣ ವಿಮಾನದ್ದು. ಇಂಥ ಸಣ್ಣ ಹಾದಿಗಳಲ್ಲಿ ಹಾರುವುದು ಹೆಚ್ಚಾಗಿ ಎಟಿಆರ್ 72ರಂಥ ಫ್ಯಾನಿನ ವಿಮಾನ. ಅದು 270 ನಾಟ್ (ಗಂಟೆಗೆ 270 ನಾಟಿಕಲ್ ಮೈಲು), ಅಂದರೆ ಗಂಟೆಗೆ 500 ಕಿಲೋಮೀಟರ್ ಆಸುಪಾಸಿನಲ್ಲಿ ಹೋಗುತ್ತದೆ. ಜೆಟ್ಟಿನ ವೇಗ ಇಟ್ಟುಕೊಂಡರೆ ಲೆಕ್ಕ ಅಲ್ಲೇ ತಪ್ಪಿತು.

ಎರಡನೇ ಕಾರಣ ಇನ್ನೂ ದೊಡ್ಡದು. 134 ನಾಟಿಕಲ್ ಮೈಲಿನ ಹಾದಿಯಲ್ಲಿ ವಿಮಾನ ಪೂರ್ತಿ ವೇಗದಲ್ಲಿ ಹೋಗುವ ಹೊತ್ತೇ ಕಡಿಮೆ. ವಿದ್ಯಾನಗರದಿಂದ ಎದ್ದ ಎಟಿಆರ್ 17,000 ಅಡಿ ಮುಟ್ಟಲು ಸುಮಾರು 15 ನಿಮಿಷ ಬೇಕು, ಅಷ್ಟರಲ್ಲಿ 45 ಮೈಲು (ಇಲ್ಲೆಲ್ಲ ನಾಟಿಕಲ್ ಮೈಲೇ) ಮುಗಿದಿರುತ್ತದೆ. ಇಳಿಯುವ ಕಡೆ ಕೊನೆಯ 50 ಮೈಲು ನಿಧಾನ ಮಾಡುತ್ತಾ ಬರಬೇಕು, ಅದೊಂದು 15 ನಿಮಿಷ. ನಡುವೆ ನೆಟ್ಟಗೆ ಹಾರುವುದು ಕಾಲು ತಾಸೂ ಇಲ್ಲ. ಹತ್ತಿಪ್ಪತ್ತು ಮೈಲು ಸುತ್ತು ಸೇರಿಸಿದರೆ ಆಕಾಶದಲ್ಲಿ ಇರುವುದು ಸುಮಾರು 44 ನಿಮಿಷ. ಹಳ್ಳಿಗೊಂದು ಹಂಪು ಇರುವ ರಸ್ತೆಯಲ್ಲಿ ಬೈಕಿನ ಗರಿಷ್ಠ ವೇಗ ಎಷ್ಟಿದ್ದರೇನು, ಹಾಗೆ.

ಸುತ್ತು ಯಾಕೆ ಅಂದರೆ ಗಾಳಿ ಮತ್ತು ರನ್‌ವೇ. ವಿಮಾನ ಏಳುವುದೂ ಇಳಿಯುವುದೂ ಎದುರುಗಾಳಿಗೆ ಮುಖ ಮಾಡಿ. ಬೆಂಗಳೂರಿನ ಎರಡೂ ರನ್‌ವೇ ಪೂರ್ವ–ಪಶ್ಚಿಮವಾಗಿವೆ. ಮುಂಗಾರಿನಲ್ಲಿ ಪಡುವಣ ಗಾಳಿ ಬೀಸುವಾಗ ವಿಮಾನಗಳು ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕು. ನಮ್ಮ ಕಡೆಯಿಂದ ಹೋದ ವಿಮಾನ ವಾಯವ್ಯದಿಂದ ಬರುತ್ತದೆ. ಅದು ನಿಲ್ದಾಣವನ್ನು ಪಕ್ಕಕ್ಕೆ ಬಿಟ್ಟು ಪೂರ್ವಕ್ಕೆ ದಾಟಿ, ತಿರುಗಿ ವಾಪಸ್ ಬಂದು ಇಳಿಯಬೇಕು. ಎಂಟು–ಹತ್ತು ನಿಮಿಷ ಅಲ್ಲೇ ಹೋಗುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ ಇದ್ದಾಗ ಇದು ತಿರುಗುಮುರುಗು: ಬರುವವರು ನೇರ ಇಳಿಯುತ್ತಾರೆ, ವಿದ್ಯಾನಗರಕ್ಕೆ ಹೊರಟವರು ಮೊದಲು ಪೂರ್ವಕ್ಕೆ ಎದ್ದು ಆಮೇಲೆ ಊರ ಕಡೆ ತಿರುಗಬೇಕು. ಕಿಟಕಿ ಪಕ್ಕ ಕೂತವರು 'ನಂದಿ ಬೆಟ್ಟ ಎರಡು ಸಲ ಬಂತಲ್ಲ' ಅನ್ನುವುದು ಈ ಕಾರಣಕ್ಕೆ.

ಟಿಕೆಟ್‌ನಲ್ಲಿರುವ ಹೊತ್ತು

ಟಿಕೆಟ್‌ನಲ್ಲಿ ಬರೆಯುವುದು ಹಾರಾಟದ ಹೊತ್ತಲ್ಲ, ಬ್ಲಾಕ್ ಟೈಮ್. ವಿಮಾನದ ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆ ತೆಗೆದು ಅದು ನಿಂತ ಜಾಗದಿಂದ ಕದಲಿದಾಗ ಶುರು, ಇನ್ನೊಂದು ನಿಲ್ದಾಣದಲ್ಲಿ ನಿಂತು ಗಟ್ಟೆ ಕೊಟ್ಟಾಗ ಮುಕ್ತಾಯ. 44 ನಿಮಿಷದ ಹಾರಾಟಕ್ಕೆ ವಿದ್ಯಾನಗರದಲ್ಲಿ ರನ್‌ವೇ ತಲುಪಲು ಐದು ನಿಮಿಷ, ಬೆಂಗಳೂರಲ್ಲಿ ಇಳಿದು ನಿಲ್ಲುವ ಜಾಗಕ್ಕೆ ಬರಲು ಹತ್ತು ಸೇರಿಸಿದರೆ ಒಂದು ತಾಸು. ಅದರ ಮೇಲೆ ತಡವಾದರೆ ಇರಲಿ ಎಂದು ಹತ್ತು ನಿಮಿಷ ಕೈಕಾವಲು ಇಟ್ಟುಕೊಂಡರೆ ಒಂದು ಗಂಟೆ ಹತ್ತು ನಿಮಿಷದ ಅಂಕಿ ಬರುತ್ತದೆ. ತಡವಾಗಿ ಹೊರಟ ವಿಮಾನವೂ ಕೆಲವೊಮ್ಮೆ ಸಮಯಕ್ಕೆ ಸರಿಯಾಗಿ ಮುಟ್ಟುವುದು ಈ ಕಾವಲಿನ ದಯೆಯಿಂದ, ಪೈಲಟ್ ಜೋರಾಗಿ ಓಡಿಸಿದ್ದರಿಂದಲ್ಲ.

ಈ ಬ್ಲಾಕ್ ಟೈಮ್ ದುಡ್ಡಿನ ವಿಷಯವೂ ಹೌದು. ಮುಂಚಿತವಾಗಿ ತಿಳಿಸದೆ ವಿಮಾನ ರದ್ದು ಮಾಡಿದರೆ ಡಿಜಿಸಿಎ (ವಿಮಾನಯಾನದ ಮೇಲ್ವಿಚಾರಣೆ ಮಾಡುವ ಸರಕಾರಿ ಸಂಸ್ಥೆ) ನಿಯಮದ ಪ್ರಕಾರ ಕೊಡಬೇಕಾದ ಪರಿಹಾರ ನಿಂತಿರುವುದು ಇದರ ಮೇಲೆ. ಬ್ಲಾಕ್ ಟೈಮ್ ಒಂದು ಗಂಟೆಯೊಳಗಿದ್ದರೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಗೆ 7,500, ಎರಡು ಗಂಟೆ ಮೀರಿದರೆ 10,000. ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ. ಎರಡರಲ್ಲಿ ಯಾವುದು ಕಡಿಮೆಯೋ ಅದು. ಮಳೆ, ಮಂಜಿನಂಥ ಕಾರಣಕ್ಕೆ ರದ್ದಾದರೆ ಈ ಪರಿಹಾರವಿಲ್ಲ. ನಮ್ಮ ಹಾದಿ ಸರಿಯಾಗಿ ಒಂದು ಗಂಟೆಯ ಗಡಿಯಲ್ಲಿ ಇರುವುದರಿಂದ ಟಿಕೆಟ್‌ನಲ್ಲಿ 60 ನಿಮಿಷ ಇದೆಯೋ 70 ಇದೆಯೋ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಎರಡೂವರೆ ಗಂಟೆಯೊಳಗಿನ ಹಾದಿಗಳಲ್ಲಿ ವಿಮಾನ ಎರಡು ಗಂಟೆ ತಡವಾದರೆ, ಸಮಯಕ್ಕೆ ಬಂದು ಚೆಕ್ ಇನ್ ಆದವರಿಗೆ ತಿಂಡಿ, ಊಟ ಕೊಡಬೇಕು ಎಂಬ ನಿಯಮವೂ ಇದೆ. ಕೇಳದಿದ್ದರೆ ಯಾರೂ ತಾವಾಗಿ ತಂದು ಕೊಡುವುದು ಅಪರೂಪ.

ಹೋಗುವಾಗೊಂದು, ಬರುವಾಗೊಂದು

ದೂರದ ಹಾದಿಗಳಲ್ಲಿ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಅರ್ಧ ತಾಸು ವ್ಯತ್ಯಾಸ ಬರುವುದುಂಟು. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂದು ಓದಿದವರೂ ಹೇಳುತ್ತಾರೆ. ಅದು ತಪ್ಪು, ಭೂಮಿಯ ಜೊತೆಗೆ ಗಾಳಿಯೂ ವಿಮಾನವೂ ತಿರುಗುತ್ತಿರುತ್ತವೆ. ವ್ಯತ್ಯಾಸ ತರುವುದು ಮೇಲಿನ ಗಾಳಿ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ 35,000–40,000 ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊನಲು ಜೋರಾಗಿ ಹರಿಯುತ್ತದೆ. ಮುಂಬೈ–ಕೋಲ್ಕತ್ತ 1,660 ಕಿಲೋಮೀಟರ್ ಇಟ್ಟುಕೊಳ್ಳಿ, ವಿಮಾನದ ವೇಗ ಗಂಟೆಗೆ 830 ಕಿಲೋಮೀಟರ್, ಗಾಳಿಯದು 100. ಗಾಳಿಯ ಜೊತೆ ಹೋದರೆ 107 ನಿಮಿಷ, ಎದುರಿಸಿ ಬಂದರೆ 136. ಬೆಂಗಳೂರು–ದೆಹಲಿ ಉತ್ತರ–ದಕ್ಷಿಣವಾಗಿರುವುದರಿಂದ ಆ ಗಾಳಿ ಪಕ್ಕದಿಂದ ಹೊಡೆಯುತ್ತದೆ, ಇಷ್ಟು ವ್ಯತ್ಯಾಸ ಮಾಡುವುದಿಲ್ಲ.

ದುಬೈಗೆ ಹೋಗುವವರಿಗೆ ಇನ್ನೊಂದು ತೊಡಕು. ಟಿಕೆಟ್‌ನಲ್ಲಿ ಬರೆಯುವುದು ಆಯಾ ಊರಿನ ಗಡಿಯಾರ. ದುಬೈ ನಮಗಿಂತ ಒಂದೂವರೆ ತಾಸು ಹಿಂದಿದೆ. ಹೈದರಾಬಾದಿನಲ್ಲಿ 10 ಗಂಟೆಗೆ ಹೊರಟು 12.30ಕ್ಕೆ ದುಬೈ ಅಂತ ಇದ್ದರೆ ಎರಡೂವರೆ ತಾಸಿನ ಪ್ರಯಾಣವಲ್ಲ, ನಾಲ್ಕು ತಾಸಿನದು. ಸಕ್ಕರೆ ಕಾಯಿಲೆಯವರು ಮಾತ್ರೆ, ಊಟದ ಹೊತ್ತು ಲೆಕ್ಕ ಹಾಕುವಾಗ ಇದನ್ನು ನೋಡಿಕೊಳ್ಳಲೇಬೇಕು.

ಮನೆಯಿಂದ ಮನೆಗೆ

ಈಗ ಆ ಐದು ತಾಸು. ಬಳ್ಳಾರಿಯಿಂದ ಕುಡತಿನಿ ಮೇಲೆ ತೋರಣಗಲ್ಲಿಗೆ 35 ಕಿಲೋಮೀಟರ್ ಹತ್ತಿರ. ಅದಿರು ಲಾರಿಗಳ ಹಿಂದೆ ಸಿಕ್ಕಿಕೊಳ್ಳುವುದನ್ನು ಸೇರಿಸಿ 50 ನಿಮಿಷ ಇಡಿ. ಚೆಕ್ ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುವುದರಿಂದ 80 ನಿಮಿಷ ಮುಂಚೆ ಅಲ್ಲಿರಬೇಕು. ವಿಮಾನ 70 ನಿಮಿಷ. ಬೆಂಗಳೂರಲ್ಲಿ ಇಳಿದು ಬ್ಯಾಗ್ ಹಿಡಿದು ಹೊರಬರಲು 20. ಅಲ್ಲಿಂದ ಮೆಜೆಸ್ಟಿಕ್‌ಗೆ, ಹೆಬ್ಬಾಳದ ಟ್ರಾಫಿಕ್ ಸೇರಿಸಿ, 80. ಒಟ್ಟು 300 ನಿಮಿಷ. ಅದರಲ್ಲಿ ಆಕಾಶದಲ್ಲಿದ್ದದ್ದು 44.

ಚಳ್ಳಕೆರೆ, ಹಿರಿಯೂರು ಮೇಲೆ ರಸ್ತೆಯಲ್ಲಿ ಹೋದರೆ ಸುಮಾರು 310 ಕಿಲೋಮೀಟರ್, ಆರು ತಾಸು. ಹಂಪಿ ಎಕ್ಸ್‌ಪ್ರೆಸ್ ಇನ್ನೂ ಹೆಚ್ಚು ಹೊತ್ತು ತಗೊಂಡರೂ ಅದು ನಿದ್ದೆಯ ಹೊತ್ತು, ಬೆಳಗ್ಗೆ ಊರ ನಡುವೆಯೇ ಇಳಿಸುತ್ತದೆ. ಹಾಗಾಗಿ ಜಯನಗರದಲ್ಲಿ ಕೆಲಸವಿದ್ದವರಿಗೆ ಈ ವಿಮಾನ ದೊಡ್ಡ ಉಳಿತಾಯವೇನಲ್ಲ. ಯಲಹಂಕ, ದೇವನಹಳ್ಳಿ ಕಡೆ ಹೋಗುವವರಿಗೆ, ಅಲ್ಲೇ ಇನ್ನೊಂದು ವಿಮಾನ ಹಿಡಿಯುವವರಿಗೆ ಮಾತ್ರ ಇದು ಬಂಗಾರ. ಎರಡನೇ ವಿಮಾನ ಇದ್ದರೆ ಎರಡೂ ಒಂದೇ ಪಿಎನ್‌ಆರ್‌ನಲ್ಲಿ ಸಿಗುತ್ತವೆಯೇ ನೋಡಿ. ಬೇರೆ ಬೇರೆ ಟಿಕೆಟ್ ಆದರೆ ಬ್ಯಾಗ್ ತೆಗೆದುಕೊಂಡು ಹೊರಬಂದು ಮತ್ತೆ ಒಳಗೆ ಹೋಗಬೇಕು, ಟರ್ಮಿನಲ್ 1ರಿಂದ 2ಕ್ಕೆ ಬಸ್ಸು ಹಿಡಿಯಬೇಕಾಗಬಹುದು, ಮೊದಲನೆಯದು ತಡವಾದರೆ ಎರಡನೆಯ ಕಂಪನಿ ಕಾಯುವುದಿಲ್ಲ. ಮೂರು ತಾಸು ಅಂತರ ಇಡಿ.

ರಾಯಚೂರಿನವರಿಗೆ ಲೆಕ್ಕವೇ ಬೇರೆ. ಶಂಶಾಬಾದ್ ರಸ್ತೆಯಲ್ಲಿ 200 ಕಿಲೋಮೀಟರ್ ಆಸುಪಾಸು, ಮೇಲಾಗಿ ಅಲ್ಲಿಂದ ದೆಹಲಿ ಬೆಂಗಳೂರಿಗಿಂತ 440 ಕಿಲೋಮೀಟರ್ ಹತ್ತಿರ. ಕೊಪ್ಪಳದವರು ಒಂದು ಕಡೆ ತೋರಣಗಲ್ಲು, ಇನ್ನೊಂದು ಕಡೆ ಹುಬ್ಬಳ್ಳಿ ಎರಡನ್ನೂ ತೂಗಿ ನೋಡಬೇಕು. ರಸ್ತೆಯಲ್ಲಿ ತೋರಣಗಲ್ಲು ಹತ್ತಿರ, ಆದರೆ ನಿಮಗೆ ಬೇಕಾದ ದಿನ ವಿಮಾನ ಯಾವ ಕಡೆ ಇದೆ ಎಂಬುದೇ ಕೊನೆಗೆ ತೀರ್ಮಾನ ಮಾಡುತ್ತದೆ.

ಬೇಸಿಗೆ ಮಧ್ಯಾಹ್ನ

ಬಳ್ಳಾರಿಗೇ ವಿಶೇಷವಾದ ಒಂದು ಅಡ್ಡಿ ಬಿಸಿಲು. ಕಾದ ಗಾಳಿ ತೆಳುವಾಗುತ್ತದೆ, ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್‌ಗೂ ಉಸಿರು ಸಾಲದು. ತೋರಣಗಲ್ಲು ಸಮುದ್ರಮಟ್ಟದಿಂದ ಇರುವುದು ಹೆಚ್ಚುಕಡಿಮೆ 500 ಮೀಟರ್ ಎತ್ತರದಲ್ಲಿ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಇದ್ದಾಗ ಅಲ್ಲಿನ ಗಾಳಿ 1,500 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ವಿಮಾನದ ಪಾಲಿಗೆ ಅದು ಕೆಮ್ಮಣ್ಣುಗುಂಡಿಯಿಂದ ಏಳುವುದಕ್ಕೆ ಸಮ. ಹೆಚ್ಚು ರನ್‌ವೇ ಓಡಬೇಕು, ಇಲ್ಲವೇ ಭಾರ ಇಳಿಸಬೇಕು. ಕೆಲವೊಮ್ಮೆ ಬ್ಯಾಗ್‌ಗಳು ಹಿಂದಿನಿಂದ ಬರುವುದಕ್ಕೆ ಇದೂ ಒಂದು ಕಾರಣ. ಡಿಸೆಂಬರ್, ಜನವರಿಯ ಬೆಳಗಿನ ತೊಂದರೆ ಇದರ ತದ್ವಿರುದ್ಧ: ದೇವನಹಳ್ಳಿಯ ಮಂಜು. ಅಲ್ಲಿಂದ ಹೊರಡಬೇಕಾದ ವಿಮಾನ ಹೊರಡದಿದ್ದರೆ ಇಲ್ಲಿ ಬಿಸಿಲು ಕಾಯುತ್ತಿದ್ದರೂ ಪ್ರಯೋಜನವಿಲ್ಲ.

ಸಣ್ಣ ನಿಲ್ದಾಣಗಳಿಗೆ ಬರುವುದು ಸಾಮಾನ್ಯವಾಗಿ ಒಂದೇ ವಿಮಾನ. ಒಂದು ಊರಿಂದ ಬಂದು ಅರ್ಧ ತಾಸು ನಿಂತು ಇನ್ನೊಂದು ಊರಿಗೆ ಹೋಗುತ್ತದೆ, ಹಿಂದಿನ ಊರಲ್ಲಿ ಆದ ತಡ ಮುಂದಿನದಕ್ಕೆ ಹಾಗೇ ಅಂಟಿಕೊಂಡು ಬರುತ್ತದೆ. ಆದ್ದರಿಂದ ಮನೆ ಬಿಡುವ ಮುಂಚೆ ನಿಮ್ಮ ವಿಮಾನದ ನಂಬರಷ್ಟೇ ನೋಡಬೇಡಿ. ವಿದ್ಯಾನಗರಕ್ಕೆ ಬರಬೇಕಾದ ವಿಮಾನ ಹಿಂದಿನ ಊರಿಂದ ಎದ್ದಿದೆಯೇ ಎಂದು ಟ್ರ್ಯಾಕಿಂಗ್ ಆ್ಯಪ್‌ನಲ್ಲಿ ನೋಡಿ. ಎದ್ದಿಲ್ಲ ಅಂದರೆ, ಬೋರ್ಡ್ ಮೇಲೆ ಸರಿಯಾದ ಸಮಯ ಅಂತಲೇ ಇದ್ದರೂ ತಡ ಗ್ಯಾರಂಟಿ. ಆದರೂ ಕೌಂಟರ್ ಮುಚ್ಚುವ ಹೊತ್ತು ಮಾತ್ರ ಟಿಕೆಟ್‌ನಲ್ಲಿ ಇದ್ದಂತೆಯೇ ಎಂದುಕೊಂಡು ಹೊರಡಿ. ವಿಮಾನ ತಡವಾದರೂ ಕೌಂಟರ್ ತಡವಾಗಿ ಮುಚ್ಚಬೇಕೆಂದೇನಿಲ್ಲ.